ಹಾಲಿನ ಲೆಕ್ಕದ ಕ್ಯಾಲೆಂಡರು

ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ಕೇಳಿದೆಯಲ್ಲ, "ದೊಡ್ಡಮ್ಮಾ, ಎಂ.ಡಿ. ಮುಗೀತು. ಖಿನ್ನತೆ, ಬೈಪೋಲಾರ್ ಎರಡರ ಚಿಕಿತ್ಸೆ ಮೇಲೇ ರಿಸರ್ಚ್ ಮಾಡ್ತೀನಿ ಅಂತ ಒಪ್ಪಿಕೊಂಡಿದೀನಿ. ಮೊದಲು ಯಾವ ಪೇಪರ್ ಓದಲಿ?" ಅಂತ. ಹೆಸರು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಆ ಹೊತ್ತಿಗೆ ನೆನಪಿಗೆ ಬಂದದ್ದು ಪೇಪರಲ್ಲ, ಒಂದು ಕ್ಯಾಲೆಂಡರು. ಅದನ್ನು ಫೋನಿನಲ್ಲಿ ಹೇಳಿ ಮುಗಿಸುವಂತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತೈದು ವರ್ಷದ ಹಿಂದಿನ ಮಾತು. ಹಾಸನದ ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಓಪಿಡಿಗೆ ಬರುತ್ತಿದ್ದರು. (ಗುರುತು ಸಿಗದಂತೆ ಊರು, ವಯಸ್ಸು ಎರಡನ್ನೂ ಬದಲಿಸಿದ್ದೇನೆ. ರೋಗಿಗಳ ವಿಷಯ ಮನೆಯವರಿಗೆ ಬರೆಯುವಾಗಲೂ ನೀನು ಇದನ್ನು ಬಿಡಬೇಡ.) ಹುಡುಗನಿಗೆ ಇಪ್ಪತ್ತನಾಲ್ಕು. ಕೇಸ್ ಶೀಟಿನಲ್ಲಿ ನಾನು ಬರೆದಿದ್ದದ್ದು ಇಷ್ಟು: ಎರಡು ಸಲ ಉನ್ಮಾದ, ಒಂದು ಸಲ ಖಿನ್ನತೆ, ಹೊಸ ಮಾತ್ರೆಗೆ ಒಳ್ಳೆಯ ಗುಣ. ಆ ಮಾತ್ರೆಯ ಮೇಲೆ ನಾನು ಆಗ ಒಂದು ಸಣ್ಣ ಅಧ್ಯಯನ ನಡೆಸುತ್ತಿದ್ದೆ. ಗುಣ ಕಂಡವರಲ್ಲಿ ಇವನೇ ಮೊದಲಿಗ ಅಂತ ನನಗೆ ಒಳಗೊಳಗೇ ಹಿಗ್ಗು.

ಒಂದು ದಿನ ಆ ತಾಯಿ ಚೀಲದಿಂದ ಹೂವಿನ ದಾರದಲ್ಲಿ ಸುತ್ತಿದ ನಾಲ್ಕು ವರ್ಷದ ಕ್ಯಾಲೆಂಡರುಗಳನ್ನು ತೆಗೆದರು. ಚೌಕಗಳಲ್ಲಿ ಹಾಲಿನ ಲೆಕ್ಕ: ಅರ್ಧ, ಒಂದು, ಒಂದೂವರೆ. ಅದರ ಪಕ್ಕದಲ್ಲಿ ಕೆಲವು ದಿನ ಇಂಟು ಗುರುತು, ಕೆಲವು ದಿನ ಸೊನ್ನೆ. "ಇವನು ರಾತ್ರಿಯೆಲ್ಲ ನಿದ್ದೆ ಮಾಡದೆ ಓಡಾಡಿದ ದಿನ ಇಂಟು ಹಾಕಿದೀನಿ, ಎದ್ದೇಳದೆ, ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ ದಿನ ಸೊನ್ನೆ. ಯಾರ ಹತ್ರ ಹೇಳ್ಕೊಳ್ಳಲಿ? ಅದಕ್ಕೇ ಬರೆದಿಟ್ಟೆ" ಅಂದರು. ಅಂಕಿ ಬಿಟ್ಟರೆ ಹೆಚ್ಚು ಓದುಬರಹ ಬರದ ಹೆಂಗಸು.

ನೆಲದ ಮೇಲೆ ಹರಡಿಕೊಂಡು ಎಣಿಸಿದೆ. ಮೂರಲ್ಲ, ಏಳು ಸಲ ಕಾಯಿಲೆ ಬಂದುಹೋಗಿತ್ತು. ಯುಗಾದಿಯ ಆಚೀಚೆ ಇಂಟುಗಳು ಸಾಲುಗಟ್ಟುತ್ತಿದ್ದವು, ಮಳೆಗಾಲ ಕಳೆಯುವ ಹೊತ್ತಿಗೆ ಸೊನ್ನೆಗಳು. ಪ್ರತಿ ಸಲವೂ ಎರಡು ಮೂರು ತಿಂಗಳಲ್ಲಿ ಗುರುತುಗಳು ತೆಳುವಾಗುತ್ತ ನಿಂತುಹೋಗಿದ್ದವು, ನಮ್ಮ ಆಸ್ಪತ್ರೆಯ ಮುಖವನ್ನೇ ಅವನು ನೋಡದಿದ್ದ ವರ್ಷಗಳಲ್ಲೂ. ನನ್ನ ಮಾತ್ರೆ ಶುರುವಾದ ದಿನವನ್ನು ಹುಡುಕಿದೆ. ಆ ವಾರದಲ್ಲಿ ಸೊನ್ನೆಗಳು ಆಗಲೇ ಕಡಿಮೆಯಾಗುತ್ತ ಬಂದಿದ್ದವು. ಕಾಲ ಮಾಡಿದ ಕೆಲಸವನ್ನು ನಾನು ಮಾತ್ರೆಯ ಹೆಸರಿಗೆ ಬರೆದುಕೊಂಡಿದ್ದೆ.

ನೀನು ಹಿಡಿದಿರುವ ದಾರಿಯ ಕಷ್ಟವೆಲ್ಲ ಇಲ್ಲೇ ಇದೆ, ಮಗೂ. ಸಕ್ಕರೆ ಕಾಯಿಲೆ ತಾನಾಗಿ ಬಂದು ತಾನಾಗಿ ಹೋಗುವುದಿಲ್ಲ. ಖಿನ್ನತೆ ಮತ್ತು ಉನ್ಮಾದ ಹಾಗಲ್ಲ, ಏರುತ್ತವೆ, ಇಳಿಯುತ್ತವೆ. ಜನ ನಮ್ಮ ಹತ್ತಿರ ಬರುವುದು ತೀರಾ ಹದಗೆಟ್ಟಾಗ, ಅಂದರೆ ಇನ್ನು ಇಳಿಯುವುದೇ ಬಾಕಿ ಇರುವಾಗ. ಆ ಹೊತ್ತಿನಲ್ಲಿ ಏನು ಕೊಟ್ಟರೂ ಗುಣ ಕಾಣುತ್ತದೆ. ತಾಯತ ಕಟ್ಟಿದವನಿಗೂ ಕಾಣುತ್ತದೆ, ನಿನಗೂ ಕಾಣುತ್ತದೆ. ತಾಯತದವನಿಗೂ ನಿನಗೂ ಇರುವ ಅಂತರ ಒಂದೇ: ತನಗೆ ಕಂಡದ್ದನ್ನು ಅನುಮಾನಿಸುವ ಕ್ರಮವನ್ನು ನೀನು ಕಲಿತಿದ್ದೀಯೆ.

ಉನ್ಮಾದಕ್ಕೆ ಕೊಡುವ ಲಿಥಿಯಂ ಮದ್ದಿನ ಕಥೆಯನ್ನು ಪಾಠದಲ್ಲಿ ಎರಡು ಸಾಲಿನಲ್ಲಿ ಓದಿರುತ್ತೀಯೆ. ಅದನ್ನು ನಾನು ಹೇಳಿಕೊಳ್ಳುವ ರೀತಿ ಬೇರೆ. ಜಾನ್ ಕೇಡ್ ಆಸ್ಟ್ರೇಲಿಯಾದವರು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿ ಸೆರೆಶಿಬಿರದಲ್ಲಿ ಮೂರೂವರೆ ವರ್ಷ ಕಳೆದು ಬಂದವರು. ಮೆಲ್ಬರ್ನ್ ಹೊರವಲಯದ ಬಂಡೂರಾದ ಮಾನಸಿಕ ಆಸ್ಪತ್ರೆಯಲ್ಲಿ, ಯಾರೂ ಬಳಸದೆ ಬಿಟ್ಟಿದ್ದ ಉಗ್ರಾಣದ ಕೋಣೆಯೇ ಅವರ ಪ್ರಯೋಗಶಾಲೆ. ಉನ್ಮಾದದಲ್ಲಿರುವವರ ಮೂತ್ರದಲ್ಲಿ ಯಾವುದೋ ವಿಷ ಇರಬೇಕು ಅಂತ ಅವರ ಊಹೆ. ಗಿನಿಯಿಲಿಗಳಿಗೆ ಚುಚ್ಚಿ ನೋಡುತ್ತ ಹೋದರು. ಯೂರಿಕ್ ಆಮ್ಲ ನೀರಿನಲ್ಲಿ ಕರಗದೆ ಕಾಡಿತು, ಅದರ ಲಿಥಿಯಂ ಲವಣ ಕರಗುತ್ತದೆ ಅಂತ ಅದನ್ನು ಹಿಡಿದರು. ಪ್ರಾಣಿಗಳು ಮಂಕಾಗಿ ಸುಮ್ಮನೆ ಮಲಗಿದವು. ಅದು ಶಮನವಲ್ಲ, ಬಹುಶಃ ವಿಷವೇರಿದ ಲಕ್ಷಣ ಅಂತ ಈಗ ಅನ್ನುತ್ತಾರೆ. ಹಾಗಾದರೆ ಊಹೆ ತಪ್ಪು, ಪ್ರಾಣಿಪ್ರಯೋಗದ ಅರ್ಥವೂ ತಪ್ಪು. ಆದರೂ ಲಿಥಿಯಂ ನಿಜವಾದ ಮದ್ದೇ ಆಗಿತ್ತು. ಮೊದಲು ತಾವೇ ನುಂಗಿ ನೋಡಿ, 1948ರ ಮಾರ್ಚ್ ಕೊನೆಯಲ್ಲಿ, ಐದು ವರ್ಷದಿಂದ ಉನ್ಮಾದ ಇಳಿಯದೆ ವಾರ್ಡಿನಲ್ಲೇ ಇದ್ದ 51 ವರ್ಷದ ಒಬ್ಬರಿಗೆ ಕೊಟ್ಟರು. ಕೆಲವು ತಿಂಗಳಲ್ಲಿ ಆತ ಮನೆಗೆ ಹೋಗಿ, ಹಳೆಯ ಕೆಲಸಕ್ಕೂ ಸೇರಿದರು. 1949ರ ಸೆಪ್ಟೆಂಬರ್ 3ರಂದು ಹತ್ತು ಉನ್ಮಾದ ರೋಗಿಗಳ ವಿವರವಿರುವ ಲೇಖನ ಅಚ್ಚಾಯಿತು.

ಪಾಠಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಮುಂದಿನದನ್ನು ನೀನು ತಿಳಿದಿರಬೇಕು. ಆ ಮೊದಲ ರೋಗಿ ಮಾತ್ರೆ ಬಿಟ್ಟರು, ಕಾಯಿಲೆ ಮರುಕಳಿಸಿತು. ಮತ್ತೆ ಕೊಡತೊಡಗಿದರು, ಲಿಥಿಯಂ ಮೈಯಲ್ಲಿ ವಿಷವಾಗಿ 1950ರಲ್ಲಿ ತೀರಿಕೊಂಡರು. ಕೇಡ್ ತಮ್ಮ ಆಸ್ಪತ್ರೆಯಲ್ಲಿ ಅದರ ಬಳಕೆಯನ್ನೇ ನಿಲ್ಲಿಸಿದರು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳು ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಉದುರಿಸಿಕೊಂಡು ಉಂಡು ಕೆಲವರು ಸತ್ತಿದ್ದರು, ಆ ದೇಶ ಉನ್ಮಾದಕ್ಕೆ ಲಿಥಿಯಂ ಒಪ್ಪಿದ್ದು 1970ರಲ್ಲಿ. ಈ ಮದ್ದನ್ನು ಉಳಿಸಿದ್ದು ರಕ್ತದಲ್ಲಿ ಅದೆಷ್ಟಿದೆ ಅಂತ ಅಳೆಯುವುದನ್ನು ಕಲಿತವರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಟ್ರೌಟ್ನರ್ ಮತ್ತು ಅವರ ಜೊತೆಯವರು ಆ ಕೆಲಸ ಮಾಡಿದರು. ಅವರ ಹೆಸರು ಯಾರ ನಾಲಿಗೆಯ ಮೇಲೂ ಇಲ್ಲ. ಕಂಡುಹಿಡಿದವರ ಪಕ್ಕದಲ್ಲಿ ಅಳೆದವರನ್ನೂ ಇಟ್ಟು ಗೌರವಿಸು. ನಿನ್ನ ಕೆಲಸದ ಬಹುಪಾಲು ಅಳೆಯುವುದೇ ಆಗಿರುತ್ತದೆ.

ನನಗೆ ಎಲ್ಲರಿಗಿಂತ ಹತ್ತಿರದವರು ಡೆನ್ಮಾರ್ಕಿನ ಮೊಗೆನ್ಸ್ ಷೌ. ತಂದೆಯೂ ಮನೋವೈದ್ಯರು. ತಮ್ಮನಿಗೆ ವರ್ಷ ವರ್ಷವೂ ಮರುಕಳಿಸುವ ಖಿನ್ನತೆ, ಲಿಥಿಯಂ ಶುರುವಾದ ಮೇಲೆ ಅದು ನಿಂತಿತು. ಕಾಯಿಲೆ ಬಾರದಂತೆ ತಡೆಯುವ ಶಕ್ತಿ ಲಿಥಿಯಮ್ಮಿಗಿದೆ ಅಂತ 1967ರಲ್ಲಿ ಷೌ ಮತ್ತು ಬಾಸ್ಟ್ರುಪ್ 88 ಮಹಿಳೆಯರ ಇತಿಹಾಸ ಮುಂದಿಟ್ಟು ಬರೆದಾಗ ಲಂಡನ್ನಿನ ಬ್ಲ್ಯಾಕ್‌ವೆಲ್ ಮತ್ತು ಶೆಪರ್ಡ್ ಅದನ್ನು ಕಟುವಾಗಿ ಪ್ರಶ್ನಿಸಿದರು. ಮತ್ತೆ ಮತ್ತೆ ಕಾಯಿಲೆ ಬಿದ್ದವರನ್ನೇ ಆರಿಸಿಕೊಂಡರೆ ಮುಂದಿನ ವರ್ಷಗಳಲ್ಲಿ ಅದು ಕಡಿಮೆಯಾದಂತೆ ಕಂಡೇ ಕಾಣುತ್ತದೆ, ಹೋಲಿಸಲು ಇನ್ನೊಂದು ಗುಂಪು ಎಲ್ಲಿ? ಹಾಸನದ ತಾಯಿಯ ಕ್ಯಾಲೆಂಡರು ನನ್ನನ್ನು ಕೇಳಿದ ಪ್ರಶ್ನೆಯೇ ಇದು.

ತಮ್ಮನ ನೆಮ್ಮದಿಯನ್ನು ಕಣ್ಣಾರೆ ಕಂಡವನಿಗೆ ಆ ಮಾತು ಹೇಗೆ ಚುಚ್ಚಿರಬಹುದು! ಕೊನೆಗೆ ಅವರ ತಂಡ ಎದುರಾಳಿಗಳು ಕೇಳಿದ ಪರೀಕ್ಷೆಯನ್ನೇ ಮಾಡಿತು. ಲಿಥಿಯಮ್ಮಿನ ಮೇಲೆ ಸ್ಥಿರವಾಗಿದ್ದ 84 ರೋಗಿಗಳಲ್ಲಿ 45 ಮಂದಿಗೆ ಅದನ್ನೇ ಮುಂದುವರಿಸಿ, 39 ಮಂದಿಗೆ ಯಾರಿಗೂ ತಿಳಿಯದಂತೆ ಹುಸಿಗುಳಿಗೆ ಕೊಟ್ಟರು. ಫಲಿತಾಂಶ ಖಚಿತವಾದ ಕೂಡಲೇ ನಿಲ್ಲಿಸಿಬಿಡುವಂತೆ ಲೆಕ್ಕವನ್ನು ಹೊಂದಿಸಿದ್ದರು. 1970ರಲ್ಲಿ ಉತ್ತರ ಅಚ್ಚಾಯಿತು: ಹುಸಿಗುಳಿಗೆಯವರಲ್ಲಿ 21 ಮಂದಿಗೆ ಕಾಯಿಲೆ ಮರಳಿತ್ತು, ಲಿಥಿಯಮ್ಮಿನವರಲ್ಲಿ ಒಬ್ಬರಿಗೂ ಇಲ್ಲ.

ಆ ಸೊನ್ನೆಯನ್ನು ಕಂಡು ಎಲ್ಲರೂ ಮೆಚ್ಚುತ್ತಾರೆ. ನೀನು 21ನ್ನೂ ನೋಡು. ನಮ್ಮ ಅನುಮಾನ ತೀರಲಿ ಅಂತ ಇಪ್ಪತ್ತೊಂದು ಜನ ಮತ್ತೆ ಆ ಕತ್ತಲೆಗೆ, ಆ ಬೆಂಕಿಗೆ ಇಳಿದರು. ಅವರು ಕೊಟ್ಟ ಬೆಲೆಯಿಂದಲೇ ಇವತ್ತು ನಾನು ಒಬ್ಬ ಹುಡುಗನಿಗೆ ಧೈರ್ಯವಾಗಿ "ಇದನ್ನು ನಿಲ್ಲಿಸಬೇಡಪ್ಪ" ಅನ್ನಬಲ್ಲೆ. ಅದರಿಂದ ಆ ಪ್ರಯೋಗ ತಪ್ಪಾಗುತ್ತದೆ ಅಂತ ನಾನು ಹೇಳುವುದಿಲ್ಲ. ನಿನ್ನ ಕೋಷ್ಟಕದಲ್ಲಿ ಮರುಕಳಿಕೆ ಅಂತ ಒಂದು ಅಂಕಿ ಬೀಳುವಾಗ, ಆ ರಾತ್ರಿ ಯಾವುದೋ ಮನೆಯಲ್ಲಿ ಯಾರೂ ಮಲಗಿರಲಿಲ್ಲ ಅನ್ನುವುದನ್ನು ಮರೆಯಬೇಡ, ಅಷ್ಟೇ.

ಒಪ್ಪಿಗೆಯ ಮಾತು ಇಲ್ಲಿಂದಲೇ ಬರುತ್ತದೆ. ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್ಲಿಂಗನ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಇಮಿಪ್ರಮೀನ್ ಖಿನ್ನತೆಗೆ ಒದಗುತ್ತದೆ ಅಂತ ಗುರುತಿಸಿ 1957ರಲ್ಲಿ ಪ್ರಕಟಿಸಿದರು. ರೋಗಿಗಳ ಜೊತೆ ಗಂಟೆಗಟ್ಟಲೆ ಕುಳಿತು ನೋಡಿದ್ದರಿಂದ ದಕ್ಕಿದ ಫಲ ಅದು, ನನಗೆ ಅದರ ಬಗ್ಗೆ ದೊಡ್ಡ ಗೌರವವಿದೆ. ಆದರೆ ಅದೇ ಆಸ್ಪತ್ರೆಯಲ್ಲಿ ದಶಕಗಳ ಕಾಲ ಅವರು ಎಷ್ಟೋ ರೋಗಿಗಳ ಮೇಲೆ ಸರಿಯಾಗಿ ತಿಳಿಸದೆ ಮದ್ದುಗಳನ್ನು ಪರೀಕ್ಷಿಸಿದ್ದರು ಅಂತ 2019ರಲ್ಲಿ ಇತಿಹಾಸಕಾರರು ದಾಖಲೆ ಸಮೇತ ತೋರಿಸಿದರು. ನಮ್ಮಲ್ಲಿ ರೋಗಿಯನ್ನು ಕೇಳಿದರೆ "ನೀವ್ ಹೇಳ್ದಂಗೆ ಡಾಕ್ಟ್ರೇ" ಅನ್ನುತ್ತಾರೆ. ಅದು ಒಪ್ಪಿಗೆಯಲ್ಲ. "ಬೇಡ ಅಂದ್ರೂ ಇದೇ ಮಾತ್ರೆ, ಇದೇ ಹಾಸಿಗೆ ನಿಮಗೆ ಸಿಗುತ್ತೆ" ಅಂತ ಬಿಡಿಸಿ ಹೇಳಿದ ಮೇಲೂ ಆ ಮಾತು ಬಂದರೆ ಮಾತ್ರ ಸಹಿ ತೆಗೆದುಕೋ. ಎಷ್ಟೋ ಜನ ಆಗ ಮೆಲ್ಲಗೆ "ಹಂಗಾರೆ ಬ್ಯಾಡ" ಅಂದಿದ್ದಾರೆ. ನನ್ನ ಅಧ್ಯಯನಗಳು ಚಿಕ್ಕವಾಗಿಯೇ ಉಳಿದದ್ದಕ್ಕೆ ಅದೂ ಒಂದು ಕಾರಣ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಈಗ ನನ್ನ ಒಂದು ತಪ್ಪು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮಾತೇ ಆಡದೆ ಕೂತಿದ್ದ ಒಬ್ಬ ತರುಣನಿಗೆ ಖಿನ್ನತೆ ಅಂತ ಬರೆದು ಖಿನ್ನತೆಯ ಮಾತ್ರೆ ಕೊಟ್ಟು ಕಳಿಸಿದೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ಕೈಯಲ್ಲಿದ್ದ ಹಣವೆಲ್ಲ ಹಂಚಿ, ಲೋಕವನ್ನೇ ಗೆಲ್ಲುವ ಹುರುಪು ಬಂದಿತ್ತೇ ಅಂತ ಕೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಣ್ಣನನ್ನು ಒಳಗೆ ಕರೆಯಲೂ ಇಲ್ಲ. ಮೂರು ವಾರಕ್ಕೆ ಅವನು ಉನ್ಮಾದಕ್ಕೆ ಏರಿದ್ದ. ಸಾಲ ಮಾಡಿದ್ದ, ಊರವರ ಜೊತೆ ಜಗಳವಾಡಿದ್ದ, ಗೊತ್ತಾಗಿದ್ದ ಮದುವೆ ಮುರಿದುಬಿದ್ದಿತ್ತು. ಅಣ್ಣ ಬಂದು, "ಎರಡು ವರ್ಷದ ಹಿಂದೇನೂ ಹಿಂಗೇ ಆಗಿತ್ತಲ್ಲ ಮೇಡಂ, ಕೇಳಿದ್ರೆ ಹೇಳ್ತಿದ್ದೆ" ಅಂದ. ಆ "ಕೇಳಿದ್ರೆ" ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲಿನ ಮೂವತ್ತು ವರ್ಷ ನಾನು ಬೈಪೋಲಾರಿನ ಖಿನ್ನತೆಯ ಚಿಕಿತ್ಸೆಯನ್ನೇ ಬೆನ್ನು ಹತ್ತಿದ್ದು ಅಲ್ಲಿಂದ.

ಬೈಪೋಲಾರಿನವರಿಗೆ ಖಿನ್ನತೆಯ ಮಾತ್ರೆ ಕೊಡಬೇಕೇ ಅನ್ನುವ ಪ್ರಶ್ನೆ ಇನ್ನೂ ತೀರಿಲ್ಲ, ನಿನಗಾಗಿ ಉಳಿದಿದೆ. 2007ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಬೈಪೋಲಾರ್ ಖಿನ್ನತೆಯಲ್ಲಿದ್ದ 366 ಮಂದಿಯನ್ನು ನೋಡಿತು. ಮನಸ್ಥಿತಿ ಸ್ಥಿರವಾಗಿಡುವ ಮದ್ದಿನ ಜೊತೆಗೆ ಖಿನ್ನತೆಯ ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ ಶೇ. 23.5 ಮಂದಿ ಗಟ್ಟಿಯಾಗಿ ಚೇತರಿಸಿಕೊಂಡರೆ, ಹುಸಿಗುಳಿಗೆಯವರಲ್ಲಿ ಶೇ. 27.3. ನಾವೆಲ್ಲ ವರ್ಷಗಟ್ಟಲೆ ಬರೆದುಕೊಟ್ಟ ಮಾತ್ರೆ ಹೆಚ್ಚಿನದೇನನ್ನೂ ಮಾಡಿರಲಿಲ್ಲ. ಹಾಗಾದರೆ, ಅದರಿಂದ ಗುಣ ಕಂಡವರಿಗೆ ಎಷ್ಟು ದಿನ ಕೊಡಬೇಕು? ಕೆನಡಾ, ದಕ್ಷಿಣ ಕೊರಿಯಾ ಮತ್ತು ನಮ್ಮ ಭಾರತದ ಆಸ್ಪತ್ರೆಗಳು ಸೇರಿ ಮಾಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಎಂಟು ವಾರಕ್ಕೆ ನಿಲ್ಲಿಸಿದವರಲ್ಲಿ ಶೇ. 46, ಒಂದು ವರ್ಷ ಮುಂದುವರಿಸಿದವರಲ್ಲಿ ಶೇ. 31 ಮಂದಿಗೆ ಯಾವುದಾದರೊಂದು ಮರುಕಳಿಕೆ. ಅಂತರ ದೊಡ್ಡದಾಗಿಯೇ ಕಾಣುತ್ತದೆ, ಆದರೆ ಸಾಕಷ್ಟು ಜನ ಸೇರದೆ ಪ್ರಯೋಗ ಬೇಗ ಮುಗಿಯಿತು, ಅಂಕಿಅಂಶದ ಗೆರೆ ದಾಟಲಿಲ್ಲ. ಮುಂದುವರಿಸಿದವರಲ್ಲಿ ಖಿನ್ನತೆ ಕಡಿಮೆ, ಉನ್ಮಾದ ತುಸು ಹೆಚ್ಚು. ಇಂಥ ಫಲಿತಾಂಶವನ್ನು "ಗೆದ್ದಿತು" ಅಂತಲೂ "ಸೋತಿತು" ಅಂತಲೂ ಬರೆಯದೆ, ಇದ್ದದ್ದು ಇದ್ದ ಹಾಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು. ಅದರಲ್ಲೂ ನಮ್ಮ ದೇಶದ ರೋಗಿಗಳಲ್ಲಿ ಉನ್ಮಾದದ ಕಂತುಗಳೇ ಹೆಚ್ಚು ಅಂತ ಇಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಪಶ್ಚಿಮದ ಲೆಕ್ಕವನ್ನು ತಂದು ನಮ್ಮ ಓಪಿಡಿಗೆ ಹಾಗೆಯೇ ಹೊಂದಿಸಲಾಗದು.

ಬರೆಯುವ ಎದೆಗಾರಿಕೆ ಅಂದೆನಲ್ಲ, ಅದಕ್ಕೊಂದು ಲೆಕ್ಕ ಕೇಳು. ಹನ್ನೆರಡು ಖಿನ್ನತೆಯ ಮದ್ದುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರಲ್ಲಿ ನೋಂದಾಯಿಸಿದ್ದ 74 ಪ್ರಯೋಗಗಳನ್ನು ಎರಿಕ್ ಟರ್ನರ್ ತಂಡ 2008ರಲ್ಲಿ ಜಾಲಾಡಿತು. ಮದ್ದಿನ ಪರವಾಗಿ ಬಂದದ್ದು 38, ಅದರಲ್ಲಿ 37 ಅಚ್ಚಾಗಿದ್ದವು. ಪರವಾಗಿ ಬಾರದ 36ರಲ್ಲಿ 22 ಬೆಳಕೇ ಕಾಣಲಿಲ್ಲ, 11 ಒಳ್ಳೆಯ ಫಲಿತಾಂಶದಂತೆ ವೇಷ ತೊಟ್ಟು ಬಂದವು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಮೂರೇ ಮೂರು. ಇದನ್ನೋದಿದ ದಿನ ನಾನು ನನ್ನ ಬೀರು ತೆರೆದೆ. ಆ ಹಾಸನದ ಹುಡುಗನ ಕಾಲದ ಅಧ್ಯಯನ ಅಲ್ಲೇ ಇತ್ತು. ಕ್ಯಾಲೆಂಡರು ಕಂಡ ಮೇಲೆ ನಾನು ರೋಗಿಗಳನ್ನು ಅಳೆಯುವ ಕೆಲಸವನ್ನು, ಯಾರು ಯಾವ ಮಾತ್ರೆಯಲ್ಲಿದ್ದಾರೆ ಅಂತ ಗೊತ್ತಿಲ್ಲದ ಒಬ್ಬ ಸಹೋದ್ಯೋಗಿಗೆ ಕೊಟ್ಟಿದ್ದೆ. ಅವರ ಅಂಕಗಳಲ್ಲಿ ನನ್ನ ಮದ್ದಿನ ಗುಣವೆಲ್ಲ ಕರಗಿಹೋಯಿತು. ನಿರಾಸೆಯಲ್ಲಿ ಕಟ್ಟಿಟ್ಟವಳು ಅದನ್ನು ಎಲ್ಲಿಗೂ ಕಳಿಸಿರಲೇ ಇಲ್ಲ. ಅದೇ ಮದ್ದನ್ನು ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಮತ್ತೆ ಮೊದಲಿನಿಂದ ಪರೀಕ್ಷಿಸಿರಬಹುದು, ಇನ್ನಷ್ಟು ಜನರ ಕೈಗೆ ಕೆಲಸಕ್ಕೆ ಬಾರದ ಮಾತ್ರೆ ಹೋಗಿರಬಹುದು. ನಿನ್ನ ಕಾಲಕ್ಕೆ ದಾರಿ ಸುಲಭವಾಗಿದೆ. ನಮ್ಮ ದೇಶದ ಪ್ರಯೋಗಗಳ ನೋಂದಣಿ 2007ರಲ್ಲಿ ಶುರುವಾಗಿ 2009ರಿಂದ ಕಡ್ಡಾಯವಾಗಿದೆ. ಮೊದಲ ರೋಗಿ ಸೇರುವ ಮುಂಚೆಯೇ ಏನನ್ನು ಅಳೆಯುತ್ತೀಯೆ ಅಂತ ಅಲ್ಲಿ ಬರೆದಿಡು. ಆಮೇಲೆ ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕಿಸು.

ಅಳೆಯುವ ಸಾಧನದ ವಿಷಯ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ 17 ಅಂಶಗಳ ಪಟ್ಟಿ ನಿನಗೆ ಬಾಯಿಪಾಠ. ಅದನ್ನು ಕನ್ನಡದಲ್ಲಿ ಕೇಳುವಾಗ ಎಚ್ಚರ. "ನಿಮಗೆ ಅಪರಾಧಿ ಭಾವನೆ ಇದೆಯಾ?" ಅಂತ ನನ್ನ ವಿದ್ಯಾರ್ಥಿಯೊಬ್ಬ ಒಬ್ಬ ಹೆಂಗಸನ್ನು ಕೇಳಿದ. "ನಾನೇನ್ ಕಳ್ತನ ಮಾಡಿದೀನಾ?" ಅಂತ ಸಿಟ್ಟಾದರು. ಅವನು ಸೊನ್ನೆ ಅಂಕ ಹಾಕಿದ. ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ ಅವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಮಕ್ಳಿಗೆ ಒಂದೊತ್ತು ನೆಟ್ಟಗೆ ಬೇಯಿಸಿ ಹಾಕಕ್ಕಾಗಲ್ಲ, ನಾನಿದ್ದು ಯಾರಿಗೇನು" ಅಂದರು. ಖಿನ್ನತೆ ಅನ್ನುವ ಪದವನ್ನು ನನ್ನ ರೋಗಿಗಳಲ್ಲಿ ಬಹುಪಾಲು ಜನ ಒಮ್ಮೆಯೂ ಬಳಸಿದವರಲ್ಲ. ಎದೆ ಭಾರ ಅಂತಾರೆ, ಸಂಕಟ ಅಂತಾರೆ, ಮೈಯಲ್ಲಿ ಕಸುವಿಲ್ಲ, ಯಾವುದ್ರಾಗೂ ಮನಸ್ಸಿಲ್ಲ, ತಲೆಯೊಳಗೆ ಏನೋ ಜುಂ ಅಂತೈತೆ ಅಂತಾರೆ. ಆ ಮಾತುಗಳನ್ನು ಅವರು ಹೇಳಿದ ಹಾಗೇ ಬರೆದುಕೋ, ಅಂಕ ಆಮೇಲೆ ಹಾಕು.

ಅಧ್ಯಯನಕ್ಕೆ ಸೇರುವವರು ಯಾರು, ಸೇರದೆ ಹೋದವರು ಯಾರು ಅಂತಲೂ ನೋಡು. ನಮ್ಮ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಅದಕ್ಕೂ ಬಹಳ ಮೊದಲು, 1985ರಲ್ಲಿ, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸುವ ಕೆಲಸವನ್ನು ಅದೇ ಸಂಸ್ಥೆಯವರು ಶುರುಮಾಡಿದ್ದರು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮನೋವೈದ್ಯರಲ್ಲದ, ತರಬೇತಿ ಪಡೆದ ಊರಿನವರಿಂದಲೇ ಕೆಲವೇ ಭೇಟಿಗಳ ಮಾತಿನ ಚಿಕಿತ್ಸೆ ಕೊಡಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು: ಮೂರು ತಿಂಗಳಿಗೆ ಖಿನ್ನತೆ ಇಳಿದವರು ಶೇ. 64, ಎಂದಿನ ಆರೈಕೆ ಮಾತ್ರ ಸಿಕ್ಕವರಲ್ಲಿ ಶೇ. 39. ಹೊಸ ಅಣುವೊಂದರ ಬೆನ್ನು ಹತ್ತುವಷ್ಟೇ ದೊಡ್ಡ ವಿಜ್ಞಾನ ಇದು. ನನ್ನ ಕಾಲದಲ್ಲಿ ನಾವು ಇದನ್ನು ಎರಡನೇ ದರ್ಜೆಯ ಕೆಲಸ ಅಂದುಕೊಂಡೆವು. ಅದು ತಪ್ಪು.

ಮದ್ದನ್ನು ರೋಗಿಯ ದಿನಚರಿಯೊಳಗೆ ಇಟ್ಟು ನೋಡದಿದ್ದರೆ ಯಾವ ಸಂಶೋಧನೆಯೂ ಪೂರ್ತಿಯಲ್ಲ. ಲಿಥಿಯಂ ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು ಅಂತ ನಿನಗೆ ಗೊತ್ತು. ಬಿಸಿಲಿನಲ್ಲಿ ದಿನವಿಡೀ ಕಳೆ ಕಿತ್ತವರಿಗೆ, ವಾಂತಿಭೇದಿ ಹಿಡಿದವರಿಗೆ, ಬಿಪಿ ಅಂತ ಒಮ್ಮೆಲೇ ಉಪ್ಪು ಬಿಟ್ಟವರಿಗೆ, ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಿದವರಿಗೆ ಅದು ಸದ್ದಿಲ್ಲದೆ ಏರುತ್ತದೆ. ಕೈ ನಡುಗುತ್ತೆ ಅಂದರೆ ನೋಡು. ಬಾಯಾರಿಕೆ ಅಂದರೆ ನೋಡು. ಥೈರಾಯ್ಡ್, ಮೂತ್ರಪಿಂಡ ನೋಡುತ್ತಲೇ ಇರು. ರೋಗಿ ಚೆನ್ನಾಗಿದ್ದೀನಿ ಅಂದಾಗ ಎರಡು ಸಲ ವಿಚಾರಿಸು, ಆದರೆ ಏನೋ ಸರಿಯಿಲ್ಲ ಅಂದಾಗ ಮೊದಲ ಸಲವೇ ನಂಬು.

ಇನ್ನೊಂದು ಮಾತು ಹೇಳಲೇಬೇಕು. ನೀನು ಕೆಲವರನ್ನು ಕಳೆದುಕೊಳ್ಳುತ್ತೀಯೆ. ಈ ಕಾಯಿಲೆ ಜೀವ ತೆಗೆಯುತ್ತದೆ. ಹಿಂದಿನ ವಾರ ನಗುತ್ತ ಹೋದವರ ಸುದ್ದಿ ಈ ವಾರ ಬರುತ್ತದೆ. ಆ ದಿನ ಫೈಲು ಮುಚ್ಚಿ ಮುಂದಿನ ರೋಗಿಯನ್ನು ಕರೆಯಬೇಡ. ಆ ಮನೆಯವರಿಗೆ ಫೋನು ಮಾಡು, ಬಂದರೆ ಕೂರಿಸಿ ಮಾತಾಡು, ಬೈದರೆ ಬೈಸಿಕೋ. ಸಂಜೆ ನನಗೆ ಫೋನು ಮಾಡು, ಎಷ್ಟು ಹೊತ್ತಾದರೂ ಸರಿ. ನಾನು ಅಂಥ ದಿನಗಳಲ್ಲಿ ಯಾರಿಗೂ ಹೇಳದೆ ಒಬ್ಬಳೇ ಇದ್ದೆ, ಅದರಿಂದ ನನ್ನ ಕೆಲಸವೂ ಕೆಟ್ಟಿತು, ಮನಸ್ಸೂ ಕೆಟ್ಟಿತು.

ಹಾಸನದ ಆ ತಾಯಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಗನಿಗೆ ಈಗ ಅರವತ್ತರ ಹತ್ತಿರ, ಕೂದಲು ಬೆಳ್ಳಗಾಗಿದೆ. ಆಮೇಲೆ ಶುರುವಾದ ಲಿಥಿಯಮ್ಮಿನ ಜೊತೆಗೆ ಥೈರಾಯ್ಡ್ ಮಾತ್ರೆಯೂ ಸೇರಿದೆ. ಆ ಮನೆಗೆ ಈಗ ನಂದಿನಿ ಪ್ಯಾಕೆಟ್ ಬರುತ್ತದೆ, ಹಾಲಿನ ಲೆಕ್ಕ ಬೇಕಾಗಿಲ್ಲ. ಆದರೂ ಅಡುಗೆಮನೆಯ ಗೋಡೆಯ ಮೇಲೆ ಕ್ಯಾಲೆಂಡರು ಇದೆ, ಇಂಟು, ಸೊನ್ನೆಗಳನ್ನು ಈಗ ಅವನೇ ಹಾಕುತ್ತಾನೆ. ವರ್ಷಗಟ್ಟಲೆ ಖಾಲಿಯಿದ್ದ ಚೌಕಗಳಲ್ಲಿ ಈ ಸಲದ ಯುಗಾದಿಗೆ ಸಾಲಾಗಿ ಮೂರು ಇಂಟು ಬಿದ್ದವಂತೆ. ನಾಲ್ಕನೇ ದಿನ ಯಾರೂ ಹೇಳದೆ, ಬೆಳಗಿನ ಮೊದಲ ಬಸ್ಸಿಗೆ ತಾನೇ ಆಸ್ಪತ್ರೆಗೆ ಬಂದು ಕೂತಿದ್ದ. ಕಂಕುಳಲ್ಲಿ ಕ್ಯಾಲೆಂಡರು ಸುತ್ತಿಟ್ಟುಕೊಂಡಿದ್ದ.

ನಿನ್ನ ದೊಡ್ಡಮ್ಮ